ಫುಟ್‌ಪಾತ್ ಸೈಕಲ್: ಮಕ್ಕಳಿಗೂ ವಿನಾಯಿತಿ ಇಲ್ಲ

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನಲ್ಲಿ ಫುಟ್‌ಪಾತ್ ಮೇಲೆ ಸೈಕಲ್ ಓಡಿಸುವ ಕಾನೂನಿನ ಬಗ್ಗೆ ಕನ್ನಡದಲ್ಲಿ ಬರೆಯುವವರು ಎಡವುವುದು ‘ಫುಟ್‌ಪಾತ್’ ಎಂಬ ಪದದಲ್ಲೇ. ರಸ್ತೆ ಪಕ್ಕದ ಪಾದಚಾರಿ ಮಾರ್ಗಕ್ಕೆ ನಾವು ಹಾಗೆನ್ನುತ್ತೇವೆ. ಅಲ್ಲಿ ಅದು ಪೇವ್‌ಮೆಂಟ್. ಅವರ ಫುಟ್‌ಪಾತ್ ಎಂದರೆ ಸಾಮಾನ್ಯವಾಗಿ ಹೊಲ, ತೋಪುಗಳ ನಡುವಿನ ಕಾಲುದಾರಿ. ಪೇವ್‌ಮೆಂಟಿಗೆ ಸೈಕಲ್ ಹತ್ತಿಸಿದರೆ ಅಪರಾಧ. ಕಾಲುದಾರಿಯಲ್ಲಿ ಓಡಿಸಿದರೆ, ಸ್ಥಳೀಯ ನಿಷೇಧವಿಲ್ಲದ ಕಡೆ, ಅದು ಜಮೀನಿನ ಒಡೆಯನೊಂದಿಗಿನ ಸಿವಿಲ್ ತಕರಾರು ಮಾತ್ರ.

ಅಪರಾಧವಾಗುವುದು 1835ರ ಹೆದ್ದಾರಿ ಕಾಯ್ದೆಯ 72ನೇ ಸೆಕ್ಷನ್ ಪ್ರಕಾರ. ಆ ಕಾಲಕ್ಕೆ ಇಂದಿನಂಥ ಸೈಕಲ್ಲೇ ಇರಲಿಲ್ಲ! 1888ರ ಸ್ಥಳೀಯ ಸರ್ಕಾರ ಕಾಯ್ದೆ ಸೈಕಲ್ಲನ್ನೂ ‘ಗಾಡಿ’ ಎಂದು ಪರಿಗಣಿಸಿದ ಮೇಲೆ ಅದು ಈ ಲೆಕ್ಕಕ್ಕೆ ಬಂತು. ಸ್ಥಳದಲ್ಲೇ ಕೊಡುವ ನೋಟಿಸಿಗೆ ದಂಡ 50 ಪೌಂಡ್. ಒಪ್ಪದೆ ಕೋರ್ಟಿಗೆ ಹೋಗಿ ಸೋತರೆ 500 ಪೌಂಡ್‌ವರೆಗೂ ಏರಬಹುದು.

ಮಕ್ಕಳಾದರೆ ಓಡಿಸಬಹುದು ಎಂಬ ನಂಬಿಕೆಯೂ ತಪ್ಪು. ಸೆಕ್ಷನ್ನಿನಲ್ಲಿ ವಯಸ್ಸಿನ ಮಾತೇ ಇಲ್ಲ. ಹತ್ತು ತುಂಬದವರ ಮೇಲೆ ಅಲ್ಲಿ ಯಾವ ಕ್ರಿಮಿನಲ್ ಕೇಸೂ ನಿಲ್ಲದ ಕಾರಣ ಅವರು ಪಾರು, ಅಷ್ಟೆ. ಸ್ಥಳದಲ್ಲೇ ದಂಡ ಜಾರಿಗೆ ಬಂದ 1999ರಲ್ಲಿ ಗೃಹ ಇಲಾಖೆಯ ಸಚಿವರಾಗಿದ್ದ ಪಾಲ್ ಬೋಟೆಂಗ್, ವಾಹನಗಳಿಗೆ ಹೆದರಿ ಪೇವ್‌ಮೆಂಟ್ ಹತ್ತುವ, ನಡೆಯುವವರ ಬಗ್ಗೆ ಕಾಳಜಿ ಇರುವ ಸವಾರರು ಇದರ ಗುರಿಯಲ್ಲ ಎಂದು ಬರೆದಿದ್ದರು. ಅದು ಪೊಲೀಸರಿಗೆ ಕೊಟ್ಟ ವಿವೇಚನೆಯೇ ಹೊರತು ಸವಾರನ ಹಕ್ಕಲ್ಲ. ಜರ್ಮನಿಯಲ್ಲಿ ಎಂಟು ತುಂಬುವ ತನಕ ಮಕ್ಕಳು ಪಾದಚಾರಿ ಮಾರ್ಗದಲ್ಲೇ ಹೋಗಬೇಕು (ರಸ್ತೆಯಿಂದ ಬೇರ್ಪಡಿಸಿದ ಸೈಕಲ್ ಪಥವಿದ್ದರೆ ಅದರಲ್ಲೂ ಹೋಗಬಹುದು), ಹತ್ತು ತುಂಬುವ ತನಕ ಹೋಗಬಹುದು. ಎಂಟರ ಒಳಗಿನ ಮಗುವಿನ ಜೊತೆ 16 ತುಂಬಿದ ಒಬ್ಬರು ಅಲ್ಲೇ ಸೈಕಲ್ ಓಡಿಸಬಹುದು. ಎದುರಿಗೆ ಬಂದ ಪೊಲೀಸಪ್ಪನ ಮರ್ಜಿ ಕಾಯುವುದಕ್ಕಿಂತ ಹೀಗೆ ಬರೆದಿಡುವುದು ಎಷ್ಟೋ ವಾಸಿ.

ಓದಲು, ಕೆಲಸಕ್ಕೆ ಇಂಗ್ಲೆಂಡಿಗೆ ಹೋಗುವವರು ಅಲ್ಲಿನ ಫಲಕಗಳನ್ನು ಗಮನಿಸಬೇಕು. ನೀಲಿ ದುಂಡು ಫಲಕದಲ್ಲಿ ಬಿಳಿ ಸೈಕಲ್ಲೂ ನಡೆಯುವವರ ಚಿತ್ರವೂ ಒಟ್ಟಿಗಿದ್ದರೆ ಆ ಜಾಗ ಇಬ್ಬರಿಗೂ ಸೇರಿದ್ದು. ಚಿತ್ರಗಳ ನಡುವೆ ಉದ್ದ ಗೆರೆಯಿದ್ದರೆ ಆಯಾ ಬದಿಯಲ್ಲೇ ಹೋಗಬೇಕು. ಕೆಂಪು ಉಂಗುರದೊಳಗೆ ಸೈಕಲ್ ಇದ್ದರೆ ಪ್ರವೇಶವಿಲ್ಲ.

ಅನುಮಾನ ಬಂದರೆ ಇಳಿದು ತಳ್ಳಿಕೊಂಡು ಹೋಗಿ. ಸೈಕಲ್ ತಳ್ಳಿಕೊಂಡು ಜೀಬ್ರಾ ಕ್ರಾಸಿಂಗ್ ದಾಟುವವರು ಪಾದಚಾರಿಗಳೇ ಎಂದು ಕ್ರ್ಯಾಂಕ್ ವಿರುದ್ಧ ಬ್ರೂಕ್ಸ್ ಪ್ರಕರಣದಲ್ಲಿ 1980ರಲ್ಲೇ ತೀರ್ಪಾಗಿದೆ. ಆದರೆ ಒಂದು ಕಾಲು ಪೆಡಲ್ ಮೇಲಿಟ್ಟು ಇನ್ನೊಂದರಿಂದ ನೆಲ ಒದೆಯುತ್ತಾ ಸಾಗಿದರೆ ಪಾದಚಾರಿ ಎನಿಸಿಕೊಳ್ಳುವುದಿಲ್ಲ ಎಂಬ ಮಾತೂ ಅದೇ ತೀರ್ಪಿನಲ್ಲಿದೆ.

– ಓದುಗ