ಮಗಳಿಗೊಂದು ಪತ್ರ: ಹುಟ್ಟೋಕೆ ಮುಂಚಿನ ಫೋಟೊ

ಪುಟ್ಟಿ,

ಹೊಟ್ಟೆಯೊಳಗಿನ ಮಗುವಿನ ಫೋಟೊ ತೆಗೆದುಕೊಡೋ ಅಂಗಡಿಯದು ಅಂತ ನೀನು ಕಳಿಸಿದ ರೇಟ್ ಪಟ್ಟಿ ನೋಡಿದೆ. 150 ಡಾಲರಿಗೆ ಅರ್ಧ ಗಂಟೆ ಫೋರ್‌ಡಿ ಸ್ಕ್ಯಾನ್ (ಅಲ್ಲಾಡೋ ಥ್ರೀಡಿ ಚಿತ್ರ), ಹತ್ತು ಬಣ್ಣದ ಪ್ರಿಂಟ್, ವಿಡಿಯೊ, ಮೇಲೊಂದು ಎದೆಬಡಿತ ತುಂಬಿದ ಕರಡಿ ಗೊಂಬೆ. ಸೀಮಂತಕ್ಕೆ ಮುಂಚೆ ಒಂದು ಸಲ ಮುಖ ನೋಡಿಬಿಡೋಣ ಅಂತ ನಿಮ್ಮಿಬ್ಬರಿಗೂ ಆಸೆ, ನಿಮ್ಮತ್ತೆಯವರೂ ಫೋಟೊ ಕೇಳಿದ್ದಾರೆ ಅಂದೆ. ಹುಟ್ಟೋಕೆ ಮುಂಚೆ ಫೋಟೊ ತೋರಿಸಿದ್ರೆ ದೃಷ್ಟಿ ಆಗುತ್ತೆ ಅನ್ನೋರ ಮಾತು ಹಾಗಿರಲಿ. ಫೋಟೊ ಬೇಡ ಅಂತ ನಾನು ಹೇಳಲ್ಲ, ಆ ಅಂಗಡಿ ಬೇಡ ಅಂತೀನಿ. ನಿನಗೆ ಬೇಕಾದ್ದರಲ್ಲಿ ಮುಕ್ಕಾಲು ಪಾಲು ಆಗಲೇ ನಿನ್ನದೇ ಆಗಿದೆ.

20ನೇ ವಾರದಲ್ಲಿ ಮಗುವಿನ ಅಂಗಾಂಗ ಸರಿಯಿದೆಯಾ ಅಂತ ನೋಡೋ ಅನಾಮಲಿ ಸ್ಕ್ಯಾನ್ ಆಯ್ತಲ್ಲ, ಅದರಲ್ಲಿ ಹತ್ತಾರು ಚಿತ್ರ ಸೇವ್ ಮಾಡಿರ್ತಾರೆ. ನಿನ್ನ ಕೈಗೆ ಕೊಟ್ಟಿದ್ದು ಒಂದೋ ಎರಡೋ. ಹಣೆ, ಮೂಗು, ತುಟಿ, ಗಲ್ಲ ಒಂದೇ ಗೆರೆಯಲ್ಲಿ ಬರೋ ಆ ಪಕ್ಕನೋಟಕ್ಕೆ ಅದಕ್ಕಿಂತ ಒಳ್ಳೆ ಸಮಯ ಇಲ್ಲ: ಸುತ್ತ ನೀರು ಧಾರಾಳ, ಮಗು ಚಿಕ್ಕದು, ಇಡೀ ತಲೆ ಚೌಕಟ್ಟಿನೊಳಗೆ ಕೂರುತ್ತೆ. ರೋಗಿಯ ದಾಖಲೆಗಳ ಬಗ್ಗೆ ಅಮೆರಿಕದಲ್ಲಿರೋ ಹೈಪಾ ಕಾನೂನಿನಲ್ಲಿ ರಿಪೋರ್ಟಿನ ಜೊತೆಗೆ ಚಿತ್ರಗಳ ಪ್ರತಿ ಕೇಳೋ ಹಕ್ಕೂ ನಿನಗಿದೆ. ಸಾಮಾನ್ಯವಾಗಿ 30 ದಿನದೊಳಗೆ ಕೊಡಬೇಕು, ಪ್ರತಿ ಮಾಡೋ ಖರ್ಚಷ್ಟೇ ತಗೋಬಹುದು. ಆಸ್ಪತ್ರೆಯ ರೆಕಾರ್ಡ್ಸ್ ವಿಭಾಗಕ್ಕೆ ಬರೆಯುವಾಗ ‘ರಿಪೋರ್ಟ್’ ಅಂತ ಬರೀಬೇಡ, ಬರೀ ಎರಡು ಪುಟ ಕಳಿಸಿ ಸುಮ್ಮನಾಗ್ತಾರೆ. ‘ಇಂಥ ತಾರೀಖಿನ ಸ್ಕ್ಯಾನಿನ ಎಲ್ಲ ಇಮೇಜ್‌ಗಳು’ ಅಂತಲೇ ಬರಿ. ಸಿಡಿಯಲ್ಲಿ ಕೊಟ್ಟರೆ ಡೈಕಾಂ ಫೈಲ್ ಇರುತ್ತೆ, ಮಾಮೂಲಿ ಫೋಟೊ ಹಾಗೆ ತೆರೆಯಲ್ಲ. ವಿಂಡೋಸ್‌ಗೆ ಮೈಕ್ರೋಡೈಕಾಂ, ಮ್ಯಾಕ್‌ಗೆ ಹೋರೋಸ್ ಹಾಕ್ಕೊಂಡು ಅದರಿಂದ ಜೆಪೆಗ್ ಮಾಡ್ಕೋ.

ಇನ್ನು ಮುಖ. ಥ್ರೀಡಿಯಲ್ಲಿ ಮುಖ ಚೆನ್ನಾಗಿ ಸಿಗೋದು ಸುಮಾರು 26ರಿಂದ 32 ವಾರದ ನಡುವೆ. ಅದಕ್ಕೆ ಮುಂಚೆ ಕೆನ್ನೆ ತುಂಬಿರಲ್ಲ, ಅಸ್ಥಿಪಂಜರದ ಹಾಗೆ ಕಾಣುತ್ತೆ. ಆಮೇಲೆ ಜಾಗ ಸಾಲಲ್ಲ. ಮುಖದ ಮುಂದೆ ಒಂದಿಷ್ಟು ನೀರಿದ್ದರೆ ಮಾತ್ರ ಮೆಶೀನಿಗೆ ಚರ್ಮದ ಅಂಚು ಸಿಗೋದು. ಮಗು ನಿನ್ನ ಬೆನ್ನಿನ ಕಡೆ ತಿರುಗಿದ್ರೆ, ಕೈ ಮುಖಕ್ಕೆ ಅಡ್ಡ ಇಟ್ಕೊಂಡಿದ್ರೆ, ಮುಖ ಮಾಸಿಗೆ (ಪ್ಲಾಸೆಂಟಾಗೆ) ಒತ್ತಿಕೊಂಡಿದ್ರೆ ಯಾವ ಮೆಶೀನೂ ಏನೂ ಮಾಡಲಾರದು. 36ನೇ ವಾರದಲ್ಲಿ ತಲೆ ಕೆಳಗಾಗಿ ಸೊಂಟದೊಳಗೆ ಇಳಿದಿದ್ರೆ ಸಿಕ್ಕೋದು ಒಂದು ಕಿವಿ, ಅರ್ಧ ಕೆನ್ನೆ.

ಸಿಕ್ಕ ಚಿತ್ರವೂ ಕ್ಯಾಮೆರಾ ಫೋಟೊ ಅಲ್ಲ. ವಾಪಸ್ ಬಂದ ಸದ್ದಿನಿಂದ ಮೆಶೀನು ಒಂದು ಮೇಲ್ಮೈ ಕಟ್ಟುತ್ತೆ, ಒರಟು ಕಡೆ ನಯ ಮಾಡುತ್ತೆ, ಮೇಲೆ ಜೇನಿನ ಬಣ್ಣ ಹಚ್ಚುತ್ತೆ. ಬಣ್ಣ ಮಗುವಿನದಲ್ಲ, ಸಾಫ್ಟ್‌ವೇರಿನದು. ಬೆರಳಿನ ಮೂಳೆಯ ನೆರಳು ಕೆನ್ನೆ ಮೇಲೆ ಬಿದ್ದರೆ ಅಲ್ಲಿ ತೂತು ಬಿದ್ದ ಹಾಗೆ ಕಾಣುತ್ತೆ. ಹೊಕ್ಕುಳಬಳ್ಳಿ ತುಟಿಗೆ ತಾಗಿದ್ರೆ ಸೀಳು ತುಟಿ ಥರ ಕಾಣುತ್ತೆ. ಡಾಕ್ಟರ ಹತ್ತಿರ ಆದ್ರೆ ಅದೇ ಜಾಗವನ್ನ ಟೂಡಿಯಲ್ಲಿ, ಅಂದ್ರೆ ಮಾಮೂಲಿ ಕಪ್ಪು ಬಿಳುಪು ಸ್ಕ್ಯಾನಿನಲ್ಲಿ, ಬೇರೆ ಕೋನದಿಂದ ನೋಡಿ ಏನಿಲ್ಲ ಅಂತ ಹೇಳ್ತಾರೆ. ಅಂಗಡಿಯವರು ಹೇಳೋ ಹಾಗಿಲ್ಲ. ನೀನು ಆ ಪ್ರಿಂಟ್ ಹಿಡ್ಕೊಂಡು ವಾರಗಟ್ಟಲೆ ನಿದ್ದೆಗೆಡಬೇಕು. ಇದರ ಉಲ್ಟಾನೂ ಇದೆ, ಅದು ಇನ್ನೂ ಕೆಟ್ಟದ್ದು: ಮುದ್ದು ಮುಖ ನೋಡಿ ‘ಎಲ್ಲ ಸರಿಯಿದೆ’ ಅಂದ್ಕೊಳ್ಳೋದು. ಅಲ್ಲಿ ಯಾರೂ ನೀರಿನ ಪ್ರಮಾಣ ಅಳೆಯಲ್ಲ, ಮಗುವಿನ ಹೊಟ್ಟೆ ಸುತ್ತಳತೆ ಅಳೆಯಲ್ಲ. ಮಗುವಿನ ಓಡಾಟ ಕಮ್ಮಿ ಅನ್ನಿಸಿದ ದಿನ ಇಂಥ ಕಡೆ ಹೋಗಿ ಸಮಾಧಾನ ಮಾಡ್ಕೊಂಡು ಬರೋದಂತೂ ಬೇಡವೇ ಬೇಡ. ಅವತ್ತು ನೇರ ಹೆರಿಗೆ ವಾರ್ಡಿಗೆ ಫೋನ್ ಮಾಡು.

ಸುರಕ್ಷತೆ ಬಗ್ಗೆ ಕೇಳಿದ್ದೆ. ವೈದ್ಯರು ಬರೆದ ಸ್ಕ್ಯಾನಿನಿಂದ ಮಗುವಿಗೆ ತೊಂದರೆ ಆಗಿದ್ದು ಸಾಬೀತಾಗಿಲ್ಲ, ಹೆದರಬೇಡ. ಆದ್ರೆ ಅಲ್ಟ್ರಾಸೌಂಡ್ ಅಂಗಾಂಶವನ್ನ ಸ್ವಲ್ಪ ಬಿಸಿ ಮಾಡಬಲ್ಲದು, ಅದಕ್ಕೇ ಪರದೆಯ ಮೂಲೆಯಲ್ಲಿ ಟಿಐಬಿ (ಮೂಳೆಯ ಹತ್ತಿರ ಎಷ್ಟು ಬಿಸಿ ಆಗಬಹುದು ಅನ್ನೋ ಸೂಚ್ಯಂಕ) ಅಂತ ಒಂದು ಅಂಕಿ ಓಡ್ತಿರುತ್ತೆ. ಬಸಿರಿಯ ಸ್ಕ್ಯಾನಿನಲ್ಲಿ ಟಿಐಬಿ 0.7 ದಾಟಿದ್ರೆ ಸಮಯಕ್ಕೆ ಮಿತಿ ಹಾಕಬೇಕು, 3 ದಾಟೋದೇ ಬೇಡ ಅಂತ ಬ್ರಿಟನ್ನಿನ ಅಲ್ಟ್ರಾಸೌಂಡ್ ಸೊಸೈಟಿಯ ಸೂಚನೆ. ನಗುಮುಖ ಸಿಗೋವರೆಗೂ ಹೊಟ್ಟೆ ಮೇಲೆ ಪ್ರೋಬ್ (ಸ್ಕ್ಯಾನಿನ ಹಿಡಿ) ಒತ್ತಿಕೊಂಡೇ ಇರೋರು ಈ ಅಂಕಿ ನೋಡ್ತಾರಾ ಅನ್ನೋದು ನನ್ನ ಅನುಮಾನ. ಔಷಧ, ವೈದ್ಯಕೀಯ ಉಪಕರಣಗಳ ಮೇಲೆ ಕಣ್ಣಿಡೋ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2014ರಲ್ಲೇ ನೆನಪಿನ ಫೋಟೊಗೋಸ್ಕರ ಸ್ಕ್ಯಾನ್ ಬೇಡ ಅಂತ ತಾಯಂದಿರಿಗೆ ಹೇಳಿದೆ. ಎಷ್ಟು ಹೊತ್ತು, ಎಷ್ಟು ಸಲ ಅನ್ನೋದಕ್ಕೆ ಅಲ್ಲಿ ಹಿಡಿತ ಇಲ್ಲ ಅನ್ನೋದೇ ಅದರ ಆಕ್ಷೇಪ. ಕನೆಕ್ಟಿಕಟ್ ರಾಜ್ಯದಲ್ಲಿ 2009ರಿಂದ ಇಂಥದ್ದಕ್ಕೆ ಕಾನೂನೇ ಅಡ್ಡ ಇದೆ. ಬೆಂಗಳೂರಲ್ಲಾದ್ರೆ ಈ ಪ್ರಶ್ನೆಯೇ ಏಳಲ್ಲ. ಭ್ರೂಣಲಿಂಗ ಪತ್ತೆ ತಡೆಯೋ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಪ್ರಕಾರ ನೋಂದಾಯಿತ ಸೆಂಟರಿನಲ್ಲಿ, ವೈದ್ಯಕೀಯ ಕಾರಣ ಬರೆದು, ಫಾರ್ಮ್ ಎಫ್ ಅನ್ನೋ ದಾಖಲೆ ತುಂಬಿಯೇ ಬಸಿರಿಗೆ ಸ್ಕ್ಯಾನ್ ಮಾಡಬೇಕು. ಫೋಟೊ ಬೇಕು ಅನ್ನೋದು ಆ ಕಾರಣಗಳಲ್ಲಿ ಇಲ್ಲ.

ಶುಗರ್ ಇರೋದರಿಂದ ನಿನಗೆ ಹೇಗೂ 32ನೇ ವಾರಕ್ಕೆ ಮಗುವಿನ ಬೆಳವಣಿಗೆ ನೋಡೋ ಗ್ರೋತ್ ಸ್ಕ್ಯಾನ್ ಬರೆದಿದ್ದಾರೆ. ಫೋಟೊ ಅಲ್ಲೇ ಕೇಳು. ಒಳಗೆ ಹೋದ ತಕ್ಷಣ ಹೇಳಿಡು: ‘ಅಳತೆ ಎಲ್ಲ ಮುಗಿದ ಮೇಲೆ, ಸುಲಭವಾಗಿ ಸಿಕ್ಕರೆ ಒಂದು ಮುಖ, ಒಂದು ಪಾದ.’ ಅಳತೆ ನಡೆಯುವಾಗ ಮಾತಾಡಿಸಬೇಡ, ಲೆಕ್ಕ ತಪ್ಪುತ್ತೆ. ಮುಖ ಸಿಗದಿದ್ರೆ ಪಾದದ ಅಡಿಭಾಗ ಕೇಳು. ಆ ಹೊತ್ತಿಗೆ ಪಾದ ಸುಮಾರು ಆರು ಸೆಂಟಿಮೀಟರ್, ಐದು ಬೆರಳೂ ಎಣಿಸೋ ಹಾಗೆ ಬರುತ್ತೆ, ನನಗೆ ಕೇಳಿದ್ರೆ ಜೇನುಬಣ್ಣದ ಮುಖಕ್ಕಿಂತ ಅದೇ ಚಂದ. ಸಿಕ್ಕ ಚಿತ್ರ ಪ್ರಿಂಟ್ ಮಾಡೋದರ ಜೊತೆಗೆ ಸೇವ್ ಮಾಡೋಕೂ ಹೇಳು, ಸೇವ್ ಆಗದ್ದು ಆಮೇಲೆ ರೆಕಾರ್ಡ್ಸ್‌ನಲ್ಲಿ ಸಿಗಲ್ಲ. ಫೋನಿನಲ್ಲಿ ವಿಡಿಯೊ ಮಾಡೋಕೆ ಎಷ್ಟೋ ಕಡೆ ಬಿಡಲ್ಲ, ಕೇಳಿಯೇ ಮಾಡು.

ಅಂಗಾತ ಮಲಗಿದಾಗ ತಲೆ ಸುತ್ತಿದ ಹಾಗಾದ್ರೆ ಎಡಕ್ಕೆ ವಾಲು. ಗರ್ಭದ ಭಾರ ರಕ್ತನಾಳದ ಮೇಲೆ ಬಿದ್ದು ಹಾಗಾಗೋದು. ಮಗು ಅಲ್ಲಾಡಲಿ ಅಂತ ಬರೋಕೆ ಮುಂಚೆ ಆರೆಂಜ್ ಜ್ಯೂಸ್ ಕುಡೀರಿ ಅಂತ ಆ ಅಂಗಡಿ ಪಟ್ಟಿಯ ಕೆಳಗೆ ಬರೆದಿದೆ ನೋಡು. ನಿನಗೆ ಅದು ಸಲ್ಲದು. ಊಟ ಆದಮೇಲಿನ ಹೊತ್ತಿಗೆ ಅಪಾಯಿಂಟ್‌ಮೆಂಟ್ ತಗೊಂಡ್ರೆ ಸಾಕು.

ಆಸ್ಪತ್ರೆಯಲ್ಲಿ ಕೊಡೋ ಕಪ್ಪು ಬಿಳುಪು ಪ್ರಿಂಟ್ ಥರ್ಮಲ್ ಕಾಗದ, ಬಸ್ ಟಿಕೆಟ್ ಥರದ್ದೇ. ಶಾಯಿ ಇಲ್ಲ, ಕಾವಿಗೆ ಕಪ್ಪಾಗೋ ಲೇಪ ಅಷ್ಟೇ. ಲ್ಯಾಮಿನೇಶನ್ ಮಾಡಿಸಿದ್ರೆ ಆ ಬಿಸಿಗೆ ಪೂರ್ತಿ ಕಪ್ಪು. ಕಿಟಕಿ ಬಿಸಿಲಿಗೆ ಮಾಸುತ್ತೆ, ಸ್ಯಾನಿಟೈಸರ್ ಕೈ ತಾಗಿದ್ರೆ ಕಲೆ ಆಗುತ್ತೆ, ಪ್ಲಾಸ್ಟಿಕ್ ಆಲ್ಬಂ ಜೇಬಿನೊಳಗೆ ಅಂಟಿಕೊಂಡು ಬೆಳ್ಳಗಾಗುತ್ತೆ. ದೇವರ ಮನೆಯಲ್ಲಿ ದೀಪದ ಪಕ್ಕ ಇಡಬೇಡ. ಅದೇ ವಾರ ಫ್ಲ್ಯಾಟ್‌ಬೆಡ್ ಸ್ಕ್ಯಾನರಿನಲ್ಲಿ 600 ಡಿಪಿಐಗೆ ಇಟ್ಟು ಪ್ರತಿ ತೆಗೆ. ಅದನ್ನ ಫೋಟೊ ಕಾಗದಕ್ಕೆ ಹಾಕಿಸಿ ಫ್ರೇಮ್ ಮಾಡಿಸು. ಮೂಲವನ್ನ ಕಾಗದದ ಲಕೋಟೆಯೊಳಗೆ ಕತ್ತಲಲ್ಲಿ ಇಡು.

ವಾಟ್ಸಾಪಿಗೆ ಹಾಕೋಕೆ ಮುಂಚೆ ಮೇಲಿನ ಅಂಚು ಕತ್ತರಿಸು, ನಿನ್ನ ಹೆಸರು, ಹುಟ್ಟಿದ ದಿನ, ಆಸ್ಪತ್ರೆ ನಂಬರ್ ಎಲ್ಲ ಅಲ್ಲೇ ಇರುತ್ತೆ. ಇಎಫ್‌ಡಬ್ಲ್ಯೂ ಅಂತಿರೋ ಮಗುವಿನ ತೂಕವನ್ನೂ ಕತ್ತರಿಸು. ಅದು ಅಂದಾಜು, 10ರಿಂದ 15 ಪರ್ಸೆಂಟ್ ಆಚೀಚೆ ಆಗುತ್ತೆ. ಅದನ್ನ ಹಿಡ್ಕೊಂಡು ಇಲ್ಲಿ ಎಲ್ಲರೂ ನಿನಗೆ ತುಪ್ಪ ತಿನ್ನು, ಬೇಡ ಅಂತ ಶುರು ಮಾಡ್ತಾರೆ.

ಕರಡಿ ಗೊಂಬೆಗೂ ದಾರಿ ಇದೆ. ಎದೆಬಡಿತದ ಸದ್ದು ಡಾಪ್ಲರ್ ಅನ್ನೋ ಉಪಕರಣದ್ದು, ಅದಕ್ಕೋಸ್ಕರ ಬೇರೆ ಸ್ಕ್ಯಾನ್ ಬೇಡ. ನಿನಗೆ ಎನ್‌ಎಸ್‌ಟಿ (ಮಗುವಿನ ಎದೆಬಡಿತ ಗಮನಿಸೋ ಪರೀಕ್ಷೆ) ಮಾಡಿಸಿದ್ರೆ ಬೆಲ್ಟ್ ಕಟ್ಟಿ ಇಪ್ಪತ್ತು ನಿಮಿಷ ಕೂರಿಸ್ತಾರೆ, ಕುದುರೆ ಓಡೋ ಥರ ಸದ್ದು ಕೇಳ್ತಾನೇ ಇರುತ್ತೆ. ನರ್ಸನ್ನ ಕೇಳಿ ಫೋನಿನಲ್ಲಿ ಅರ್ಧ ನಿಮಿಷ ತುಂಬಿಸ್ಕೋ. ಗೊಂಬೆಯೊಳಗೆ ಇಡೋ ರೆಕಾರ್ಡಿಂಗ್ ಡಬ್ಬಿ ಬಿಡಿಯಾಗಿ ಸಿಗುತ್ತೆ. ಹೊಲಿಗೆ ಹಾಕೋದು ನಾನು ಬಂದಮೇಲೆ ನೋಡ್ಕೋತೀನಿ.

ನಿನ್ನ ಅಮ್ಮ