ಆನ್‌ಲೈನ್ ಸಂಶೋಧನಾ ತರಬೇತಿ: ಬರೆದದ್ದನ್ನು ಓದಿ ತಿದ್ದುವವರು ಬೇಕು

ಮಾನ್ಯ ಸಂಪಾದಕರೇ,

‘ರಾಷ್ಟ್ರಮಟ್ಟದ ಏಳು ದಿನಗಳ ಆನ್‌ಲೈನ್ ಸಂಶೋಧನಾ ವಿಧಾನ ಕಾರ್ಯಾಗಾರ’ ಎಂಬ ಒಕ್ಕಣೆಯ ಆಹ್ವಾನಗಳು ಅಧ್ಯಾಪಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ವರ್ಷವಿಡೀ ಹರಿದಾಡುತ್ತಿರುತ್ತವೆ. 2020ರ ಲಾಕ್‌ಡೌನ್ ದಿನಗಳಲ್ಲಿ ಬೇರೆ ದಾರಿಯಿಲ್ಲದೆ ಹಬ್ಬಿದ ಈ ಕ್ರಮ ಈಗ ರೂಢಿಯೇ ಆಗಿಬಿಟ್ಟಿದೆ. ನಮ್ಮ ವಿಶ್ವವಿದ್ಯಾಲಯಗಳ ಸಂಶೋಧನಾರ್ಥಿಗಳೂ ಪದವಿ ಕಾಲೇಜುಗಳ ಅಧ್ಯಾಪಕರೂ ಇವುಗಳಿಗೆ ಹೆಸರು ನೋಂದಾಯಿಸುತ್ತಾರೆ, ಕೊನೆಯ ದಿನ ಗೂಗಲ್ ಫಾರ್ಮ್ ತುಂಬುತ್ತಾರೆ, ಇ-ಪ್ರಮಾಣಪತ್ರ ಪಡೆಯುತ್ತಾರೆ. ಇಷ್ಟೆಲ್ಲ ತರಬೇತಿಯ ನಂತರವೂ ಸಂಶೋಧನೆಯ ರೂಪರೇಷೆಗಳಾದ ಸಿನಾಪ್ಸಿಸ್‌ಗಳಲ್ಲಿ ಅವೇ ತಪ್ಪುಗಳು ಏಕೆ ಮರುಕಳಿಸುತ್ತಿವೆ ಎಂಬ ಬಗ್ಗೆ, ಸಮಾಜಶಾಸ್ತ್ರ ಬೋಧಿಸಿ, ಸಂಶೋಧನೆಗೆ ಮಾರ್ಗದರ್ಶನ ಮಾಡಿ ನಿವೃತ್ತನಾದ ನಾನು ತಮ್ಮ ಪತ್ರಿಕೆಯ ಮೂಲಕ ಕೆಲವು ಮಾತುಗಳನ್ನು ಸಂಬಂಧಪಟ್ಟವರ ಗಮನಕ್ಕೆ ತರಬಯಸುತ್ತೇನೆ.

ಈ ಕಾರ್ಯಾಗಾರಗಳ ವೇಳಾಪಟ್ಟಿ ಬಹುಮಟ್ಟಿಗೆ ಒಂದೇ ಅಚ್ಚಿನದು. ಮೊದಲ ದಿನ ಸಂಶೋಧನೆಯ ಅರ್ಥ, ವ್ಯಾಖ್ಯೆ, ಮಹತ್ವ, ಆಮೇಲೆ ಪ್ರಾಕ್ಕಲ್ಪನೆ (ಪರೀಕ್ಷಿಸಬೇಕಾದ ಊಹೆ), ಮಾದರಿ ಆಯ್ಕೆ (ಎಲ್ಲರ ಬದಲು ಕೆಲವರನ್ನು ಅಧ್ಯಯನಕ್ಕೆ ಆರಿಸುವುದು), ಪ್ರಶ್ನಾವಳಿ, ಒಂದು ದಿನ ಅಂಕಿಅಂಶ ವಿಶ್ಲೇಷಿಸುವ ಎಸ್‌ಪಿಎಸ್‌ಎಸ್ ತಂತ್ರಾಂಶ, ಇನ್ನೊಂದು ದಿನ ಆಕರಸೂಚಿ ಮತ್ತು ಕೃತಿಚೌರ್ಯ, ಕೊನೆಗೆ ಸಮಾರೋಪ. ಪ್ರಾರ್ಥನೆ, ಸ್ವಾಗತ, ಸಂಪನ್ಮೂಲ ವ್ಯಕ್ತಿಯ ಸುದೀರ್ಘ ಪರಿಚಯ, ವಂದನಾರ್ಪಣೆ ಇವೆಲ್ಲ ಮುಗಿದು ಉಳಿದ ಸಮಯದಲ್ಲಿ, ಕ್ಯಾಮೆರಾ ಆಫ್ ಮಾಡಿಕೊಂಡ ನೂರಾರು ಹೆಸರುಗಳ ಮುಂದೆ ಒಬ್ಬರು ಸ್ಲೈಡ್‌ಗಳನ್ನು ಓದುತ್ತಾರೆ. ಅವರಲ್ಲಿ ವಿಷಯವನ್ನು ಚೆನ್ನಾಗಿ ಬಲ್ಲವರು ಅನೇಕರಿದ್ದಾರೆ, ಆ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕೇಳಿದವರು ಅಲ್ಲಿ ಒಂದು ಸಂಶೋಧನಾ ಪ್ರಶ್ನೆಯನ್ನಾಗಲಿ, ಪ್ರಶ್ನಾವಳಿಯ ಒಂದು ಪುಟವನ್ನಾಗಲಿ ಬರೆದು ಒಪ್ಪಿಸಬೇಕಾಗಿಲ್ಲ. ಯಾರಾದರೂ ಉತ್ಸಾಹದಿಂದ ಬರೆದರೂ ಅದನ್ನು ಓದಿ ‘ಇಲ್ಲಿ ಹೀಗೆ ತಪ್ಪಿದೆ’ ಎಂದು ಹೇಳುವ ಏರ್ಪಾಡು ಇರುವುದಿಲ್ಲ. ಬರೆದು, ತಿದ್ದಿಸಿಕೊಂಡು, ಮತ್ತೆ ಬರೆಯದೆ ಈ ವಿದ್ಯೆ ಯಾರಿಗೂ ದಕ್ಕಿದ್ದನ್ನು ನಾನು ಕಂಡಿಲ್ಲ.

ಇದರ ಪರಿಣಾಮಕ್ಕೆ 384 ಎಂಬ ಒಂದು ಸಂಖ್ಯೆಯೇ ಸಾಕ್ಷಿ. ಸಮಾಜವಿಜ್ಞಾನ, ವಾಣಿಜ್ಯ ಮತ್ತು ಶಿಕ್ಷಣ ವಿಷಯಗಳ ಪ್ರಬಂಧಗಳನ್ನು ತೆರೆದರೆ ‘ಈ ಅಧ್ಯಯನಕ್ಕೆ 384 ಪ್ರತಿಸ್ಪಂದಕರನ್ನು ಆಯ್ದುಕೊಳ್ಳಲಾಗಿದೆ’ ಎಂಬ ವಾಕ್ಯ ಮತ್ತೆ ಮತ್ತೆ ಎದುರಾಗುತ್ತದೆ. ಇದು, ಮಾದರಿಯ ಗಾತ್ರ ಎಷ್ಟಿರಬೇಕೆಂದು ತೋರಿಸಲು ಕ್ರೆಜ್ಸಿ ಮತ್ತು ಮಾರ್ಗನ್ ಎಂಬ ಸಂಶೋಧಕರು 1970ರಲ್ಲಿ ಪ್ರಕಟಿಸಿದ ಕೋಷ್ಟಕದಿಂದ ಬಂದದ್ದು. ಜನಸಂಖ್ಯೆಯ ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಸಮಾನ ಅವಕಾಶವಿರುವ ಸರಳ ಯಾದೃಚ್ಛಿಕ ಮಾದರಿ, ಶೇ 95ರ ವಿಶ್ವಾಸ ಮಟ್ಟ, ಶೇ 5ರ ದೋಷಮಿತಿ (ನೂರರಲ್ಲಿ ಸುಮಾರು 95 ಬಾರಿ ಉತ್ತರ ನಿಜಾಂಶದಿಂದ ಶೇ 5ರೊಳಗೇ ಇರುವುದು) ಎಂಬ ಷರತ್ತುಗಳ ಮೇಲೆ ಆ ಲೆಕ್ಕ ನಿಂತಿದೆ. ನಮ್ಮಲ್ಲಿ ನಡೆಯುವುದೇ ಬೇರೆ: ಪರಿಚಯದವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಗೂಗಲ್ ಫಾರ್ಮ್ ಕಳುಹಿಸಿ, ಉತ್ತರಿಸಿದವರ ಸಂಖ್ಯೆ 384 ಮುಟ್ಟಿದೊಡನೆ ಮಾದರಿ ಆಯ್ಕೆ ಮುಗಿಯಿತೆಂದು ಬರೆಯಲಾಗುತ್ತದೆ. ನಿಷ್ಠೆಯಿಂದ ಎರಡು ತಾಲ್ಲೂಕುಗಳ ಕೆಲವು ಹಳ್ಳಿಗಳಿಗೆ ಹೋಗಿ ಮನೆಮನೆ ತಿರುಗಿದವರಿಗೂ ಈ ಸಂಖ್ಯೆ ಹಾಗೆಯೇ ಅನ್ವಯಿಸುವುದಿಲ್ಲ. ಒಂದೇ ಹಳ್ಳಿಯ ಜನ ಅನೇಕ ಸಂಗತಿಗಳಲ್ಲಿ ಒಬ್ಬರನ್ನೊಬ್ಬರು ಹೋಲುವುದರಿಂದ, ಅಂಥ ಮಾದರಿಯಲ್ಲಿ ದೋಷದ ಪ್ರಮಾಣ ಸಾಮಾನ್ಯವಾಗಿ ಕೋಷ್ಟಕ ಹೇಳುವುದಕ್ಕಿಂತ ಹೆಚ್ಚಿರುತ್ತದೆ. ಕಾರ್ಯಾಗಾರದ ‘ಮಾದರಿ ಆಯ್ಕೆ’ ದಿನದಂದು ಕೋಷ್ಟಕವನ್ನು ತೋರಿಸುತ್ತಾರೆ, ಅದರ ಷರತ್ತುಗಳು ಸ್ಲೈಡಿನಾಚೆಗೇ ಉಳಿದುಬಿಡುತ್ತವೆ.

ಆನ್‌ಲೈನ್ ತರಬೇತಿಯೇ ಬೇಡ ಎಂಬುದು ನನ್ನ ವಾದವೆಂದು ಯಾರೂ ಭಾವಿಸಬಾರದು. ಅರೆಕಾಲಿಕ ಸಂಶೋಧನಾರ್ಥಿಗಳಲ್ಲಿ ಅನೇಕರು ಅತಿಥಿ ಉಪನ್ಯಾಸಕರು, ಶಾಲಾ ಶಿಕ್ಷಕರು, ಮನೆ-ಮಕ್ಕಳ ಹೊಣೆ ಹೊತ್ತ ಮಹಿಳೆಯರು. ಸಂಬಳ ಬಿಟ್ಟು ಹತ್ತು ದಿನ ಬೇರೆ ಊರಿನಲ್ಲಿ ಉಳಿದುಕೊಂಡು ಕಲಿಯಿರಿ ಎಂದು ಇವರಿಗೆ ಹೇಳುವುದು ಸುಲಭ, ಅವರಿಗೆ ಅದು ಸಾಧ್ಯವಾಗುವುದು ಕಷ್ಟ. ಔರಾದಿನಲ್ಲಿ ಅಥವಾ ಕೊಳ್ಳೇಗಾಲದಲ್ಲಿ ಕುಳಿತು ಒಳ್ಳೆಯ ಅಧ್ಯಾಪಕರ ಮಾತು ಕೇಳುವ ಅವಕಾಶ ಅಂತರ್ಜಾಲದಿಂದಲೇ ಬಂದಿದೆ. ಐಐಟಿಗಳು ಮತ್ತು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಆನ್‌ಲೈನ್ ಕಲಿಕಾ ಯೋಜನೆಯಾದ ಎನ್‌ಪಿಟಿಇಎಲ್ ಪಾಠಗಳಿಗೆ ನೋಂದಣಿ ಉಚಿತ. ವಾರವಾರವೂ ಅಭ್ಯಾಸಗಳನ್ನು ಸಲ್ಲಿಸಬೇಕು, ಅದಕ್ಕೆ 25 ಅಂಕ. ಪ್ರಮಾಣಪತ್ರ ಬೇಕೆಂದರೆ ಪರೀಕ್ಷಾ ಕೇಂದ್ರಕ್ಕೆ ಹೋಗಿ 75 ಅಂಕಗಳ ಪರೀಕ್ಷೆ ಬರೆಯಬೇಕು. ಕೂತಲ್ಲೇ ಕಲಿತರೂ ಕಲಿತದ್ದನ್ನು ತೋರಿಸಲೇಬೇಕಾದ ವ್ಯವಸ್ಥೆ ಇದು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ಪಿಎಚ್‌ಡಿ ನಿಯಮಾವಳಿಯೂ ಸಂಶೋಧನಾರ್ಥಿಗಳು ಓದಲೇಬೇಕಾದ ಪಾಠಗಳ, ಅಂದರೆ ಕೋರ್ಸ್‌ವರ್ಕ್‌ನ ಕನಿಷ್ಠ 12 ಕ್ರೆಡಿಟ್‌ಗಳ ಭಾಗವಾಗಿ ಮಾನ್ಯತೆ ಪಡೆದ ಆನ್‌ಲೈನ್ ಕೋರ್ಸ್‌ಗಳನ್ನು ಸಂಶೋಧನಾ ಸಲಹಾ ಸಮಿತಿ ಶಿಫಾರಸು ಮಾಡಬಹುದೆಂದು ಹೇಳುತ್ತದೆ. ದಾರಿ ತೆರೆದಿದೆ.

ತರಬೇತಿಯ ಅಗತ್ಯವಂತೂ ಹಿಂದೆಂದಿಗಿಂತ ಹೆಚ್ಚಾಗಿದೆ. ಯಾವ ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟಿಸಬಹುದು ಎಂಬುದಕ್ಕೆ ನಮ್ಮವರು ಯುಜಿಸಿ-ಕೇರ್ ಪಟ್ಟಿಯನ್ನೇ ನಂಬಿಕೊಂಡಿದ್ದರು. 2025ರ ಫೆಬ್ರುವರಿಯಲ್ಲಿ ಆ ಪಟ್ಟಿಯನ್ನೇ ಕೈಬಿಡಲಾಯಿತು. ಹಣ ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆ ಯಾವುದು, ನಿಜವಾಗಿ ತಜ್ಞರಿಂದ ಪರಿಶೀಲಿಸಿ ಪ್ರಕಟಿಸುವುದು ಯಾವುದು ಎಂಬುದನ್ನು ಈಗ ಅಧ್ಯಾಪಕರೇ ಗುರುತಿಸಬೇಕಾಗಿದೆ. ಇನ್ನೊಂದೆಡೆ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಡಿ, ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ವೆಚ್ಚದಲ್ಲಿ, 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 2025ರ ಜನವರಿಯಿಂದ ತೆರೆದುಕೊಂಡಿವೆ. ಇವುಗಳಲ್ಲಿ ತನಗೆ ಬೇಕಾದ ಲೇಖನವನ್ನು ಹುಡುಕುವ ಬಗೆಯನ್ನು ಕಲಿಸಲು ಗ್ರಂಥಪಾಲಕರಿಗಿಂತ ಯೋಗ್ಯರಿಲ್ಲ. ಅವರನ್ನು ಕಾರ್ಯಾಗಾರಗಳಲ್ಲಿ ವೇದಿಕೆಯ ಅಂಚಿನಲ್ಲೂ ಕೂರಿಸುವುದಿಲ್ಲ ಎಂಬುದು ಬೇರೆ ಮಾತು. ಇನ್ನು ಚಾಟ್‌ಜಿಪಿಟಿಯಂಥ ಸಾಧನಗಳು ಅಸ್ತಿತ್ವದಲ್ಲೇ ಇಲ್ಲದ ಲೇಖನಗಳ ಹೆಸರುಗಳನ್ನು ಆಕರಗಳೆಂದು ಕೊಡುವುದುಂಟು. ಪ್ರತಿ ಆಕರವನ್ನೂ ತೆರೆದು ನೋಡುವ ಅಭ್ಯಾಸವಿಲ್ಲದವರು ಅವನ್ನು ಹಾಗೆಯೇ ಪ್ರಬಂಧಕ್ಕೆ ಇಳಿಸುತ್ತಾರೆ.

ಆದ್ದರಿಂದ ನನ್ನ ಸಲಹೆ ಹೀಗಿದೆ. ಏಳು ದಿನಗಳಿಗೆ ತುರುಕಿದ ಉಪನ್ಯಾಸಗಳ ಬದಲು, ಹದಿನೈದು ವಾರಗಳ ಕಾಲ ಪ್ರತಿ ಶನಿವಾರ ಸಂಜೆ ಎರಡು ಗಂಟೆ ನಡೆಯುವ ಒಂದು ಕೋರ್ಸನ್ನು ರಾಜ್ಯದ ವಿಶ್ವವಿದ್ಯಾಲಯಗಳು ಸೇರಿ ರೂಪಿಸಲಿ. ಕರ್ನಾಟಕ ರಾಜ್ಯ ಉನ್ನತ ಶಿಕ್ಷಣ ಪರಿಷತ್ತು ಇದರ ಸಮನ್ವಯ ವಹಿಸಬಹುದು. ಉಪನ್ಯಾಸವನ್ನು ಮೊದಲೇ ಧ್ವನಿಮುದ್ರಿಸಿ ಕೊಟ್ಟರೂ ಸಾಕು, ನೇರ ತರಗತಿ ಮಾತ್ರ ಹದಿನೈದು ಮಂದಿಗಿಂತ ಹೆಚ್ಚಿಲ್ಲದ ಗುಂಪಿನಲ್ಲಿ ಸಲ್ಲಿಸಿದ ಬರಹಗಳ ಚರ್ಚೆಗೇ ಮೀಸಲಾಗಿರಲಿ. ಸಂದರ್ಶನ ನಡೆಸುವುದು ಕನ್ನಡದಲ್ಲಿ, ಪ್ರಶ್ನಾವಳಿ ಹಳ್ಳಿಯ ಜನರ ಮುಂದೆ ಹೋಗುವುದು ಕನ್ನಡದಲ್ಲಿ. ಹೀಗಿರುವಾಗ ಕನ್ನಡದಲ್ಲೇ ಮಹಾಪ್ರಬಂಧ ಬರೆಯುವವರಿಗೂ ಈ ಪಾಠಗಳು ಕನ್ನಡದಲ್ಲಿ ಸಿಗಬೇಕಾದದ್ದು ನ್ಯಾಯ. ಉದಾಹರಣೆಗಳೂ ನಮ್ಮವೇ ಆಗಿರಲಿ. ಕೇಂದ್ರ ಅಂಕಿಅಂಶ ಸಚಿವಾಲಯವು 2017ರಿಂದ ನಡೆಸುತ್ತಿರುವ ನಿಯತಕಾಲಿಕ ಶ್ರಮಶಕ್ತಿ ಸಮೀಕ್ಷೆಯ ಕುಟುಂಬವಾರು ದತ್ತಾಂಶ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಕರ್ನಾಟಕದ ಭಾಗವನ್ನು ತೆಗೆದುಕೊಂಡು ಮಹಿಳೆಯರ ಉದ್ಯೋಗದ ಪ್ರಮಾಣವನ್ನು ಲೆಕ್ಕ ಹಾಕಿಸಿ ನೋಡಿ: ಪ್ರತಿ ಕುಟುಂಬಕ್ಕೂ ಕೊಟ್ಟಿರುವ ತೂಕವನ್ನು (ಆ ಕುಟುಂಬ ಎಷ್ಟು ಕುಟುಂಬಗಳನ್ನು ಪ್ರತಿನಿಧಿಸುತ್ತದೆ ಎಂಬ ಸಂಖ್ಯೆಯನ್ನು) ಗುಣಿಸದೆ ಸಾಲುಗಳನ್ನಷ್ಟೇ ಎಣಿಸಿದವರ ಉತ್ತರ ಪ್ರಕಟಿತ ವರದಿಗೆ ಹೊಂದುವುದಿಲ್ಲ, ಏಕೆ ಹೊಂದಲಿಲ್ಲ ಎಂದು ಹುಡುಕುವಾಗಲೇ ಮಾದರಿ ಸಮೀಕ್ಷೆಯ ತಿರುಳು ಅವರಿಗೆ ತಿಳಿಯುತ್ತದೆ. ದುಬಾರಿ ತಂತ್ರಾಂಶದ ಹಂಗೂ ಇದಕ್ಕೆ ಬೇಕಿಲ್ಲ. ಲೆಕ್ಕಾಚಾರಕ್ಕೆ ಆರ್, ಜಮೋವಿ, ಆಕರಗಳಿಗೆ ಜೊಟೆರೊ, ಮೂರೂ ಉಚಿತವೇ.

ಕ್ಷೇತ್ರಕಾರ್ಯವನ್ನು ಮಾತ್ರ ಪರದೆಯ ಮೇಲೆ ಕಲಿಸಲಾಗದು. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು 1948ರಲ್ಲಿ, ತಾವು ರಾಂಪುರ ಎಂದು ಕರೆದ ಹಳ್ಳಿಯಲ್ಲಿ ತಿಂಗಳುಗಟ್ಟಲೆ ನೆಲೆಸಿ ಟಿಪ್ಪಣಿ ಮಾಡಿಕೊಂಡರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಕಚೇರಿಗೆ ಕಿಡಿಗೇಡಿಗಳು ಬೆಂಕಿ ಇಟ್ಟಾಗ, ಆ ಟಿಪ್ಪಣಿಗಳನ್ನು ಸಂಸ್ಕರಿಸಿ ಸಿದ್ಧಪಡಿಸಿದ್ದ ಮೂರೂ ಪ್ರತಿಗಳು ಒಂದೇ ಕಡೆ ಇದ್ದುದರಿಂದ ನಾಶವಾದವು. ಮೂಲ ಟಿಪ್ಪಣಿಗಳು ಬೇರೆಡೆ ಇದ್ದುದರಿಂದ ಉಳಿದವು. ದತ್ತಾಂಶದ ಪ್ರತಿಗಳನ್ನು ಬೇರೆ ಬೇರೆ ಕಡೆ ಇಡಬೇಕೆಂಬುದನ್ನು ಈ ಪ್ರಸಂಗ ಹೇಳಿ ಆನ್‌ಲೈನ್‌ನಲ್ಲೇ ಕಲಿಸಬಹುದು. ಆದರೆ ಅಪರಿಚಿತರ ಜಗಲಿಯ ಮೇಲೆ ಕುಳಿತು, ಅವರು ಹೇಳಿದ್ದನ್ನೂ ಹೇಳದೆ ಬಿಟ್ಟದ್ದನ್ನೂ ಗಮನಿಸಿ, ಅಂದೇ ರಾತ್ರಿ ಬರೆದಿಡುವುದನ್ನು ಒಬ್ಬ ಅನುಭವಿಯ ಜೊತೆ ಹೋಗಿಯೇ ಕಲಿಯಬೇಕು. ಕೋರ್ಸಿನ ನಡುವೆ ಒಂದು ವಾರವನ್ನಾದರೂ ಜಿಲ್ಲೆಯೊಳಗಿನ ಯಾವುದಾದರೂ ಊರಿನಲ್ಲಿ ಇಂಥ ಕೆಲಸಕ್ಕೆ ಇಡಬೇಕು.

ಕಾರ್ಯಾಗಾರಗಳು ಇಷ್ಟೊಂದು ಹೆಚ್ಚಲು ಅಧ್ಯಾಪಕರ ಪದೋನ್ನತಿಯೂ ಒಂದು ಕಾರಣ ಎಂಬುದನ್ನು ಹೇಳದಿದ್ದರೆ ಮಾತು ಅಪೂರ್ಣವಾಗುತ್ತದೆ. ಯುಜಿಸಿಯ 2018ರ ನಿಯಮಾವಳಿಯು ಕೆಲವು ಹಂತಗಳ ಪದೋನ್ನತಿಗೆ ಒಂದು ಅಥವಾ ಎರಡು ವಾರಗಳ ಇಂಥ ಕೋರ್ಸ್‌ಗಳನ್ನು ಪರಿಗಣಿಸುತ್ತದೆ. ಅಧ್ಯಾಪಕರು ಕೇಳುವುದು ಪ್ರಮಾಣಪತ್ರ, ಸಂಘಟಕರು ಕೊಡುವುದೂ ಅದನ್ನೇ. ಹೀಗಾಗಿ ಮಾರ್ಗದರ್ಶಕರಿಗೆ ಸಿಗುವ ತರಬೇತಿಯೂ ವಿದ್ಯಾರ್ಥಿಗಳದರಷ್ಟೇ ತೆಳು. ಇದನ್ನು ಸರಿಪಡಿಸಲು ಹೊಸ ಕಾನೂನೇನೂ ಬೇಕಾಗಿಲ್ಲ. ಹಾಜರಾತಿಯ ಜೊತೆಗೆ, ತರಬೇತಿಯಲ್ಲಿ ಬರೆದು ತಿದ್ದಿಸಿಕೊಂಡ ಕೆಲಸದ ಶೀರ್ಷಿಕೆಯನ್ನೂ ಮೌಲ್ಯಮಾಪಕರ ಹೆಸರನ್ನೂ ಪ್ರಮಾಣಪತ್ರದಲ್ಲಿ ನಮೂದಿಸಬೇಕು, ಆ ಬರಹ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಯಾರು ಬೇಕಾದರೂ ಓದುವಂತೆ ಇರಬೇಕು ಎಂದು ವಿಶ್ವವಿದ್ಯಾಲಯಗಳು ಸುತ್ತೋಲೆ ಹೊರಡಿಸಿದರೆ ಸಾಕು. ಮುಂದಿನ ಕೋರ್ಸ್‌ವರ್ಕ್ ತಂಡದಿಂದಲೇ ಇದನ್ನು ಜಾರಿಗೆ ತರಬೇಕೆಂದು ಕುಲಪತಿಗಳಲ್ಲಿ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸಮಾಜಶಾಸ್ತ್ರದ ನಿವೃತ್ತ ಪ್ರಾಧ್ಯಾಪಕ,
ಶಿವಮೊಗ್ಗ