ಉಂಡವರ ಮುಖ, ಉಣಿಸಿದವರ ಮುಖ

ಪ್ರೀತಿಯ ತಂಗಿಗೆ,

ನಿನ್ನ ಲೇಖನ ಕೈಸೇರಿತು. ಊರೂರು ಸುತ್ತಿ, ಗುರುತಿಲ್ಲದವರ ಮನೆಯಲ್ಲಿ ಉಂಡು, ಅದನ್ನು ಟಿ.ವಿ.ಯಲ್ಲಿ ತೋರಿಸುವವರು ನಮ್ಮನ್ನು ಯಾಕೆ ಇಷ್ಟು ಸೆಳೆಯುತ್ತಾರೆ ಎಂಬ ಪ್ರಶ್ನೆಯನ್ನು ಎತ್ತಿಕೊಂಡಿದ್ದೀಯ. ಇದನ್ನು ಹಗುರ ವಿಷಯವೆಂದು ಬದಿಗೆ ಸರಿಸುವ ಹಿರಿಯರು ನಮ್ಮಲ್ಲಿದ್ದಾರೆ. ಅವರ ಮಾತಿಗೆ ಕಿವಿಗೊಡಬೇಡ. ಗುರುತಿಲ್ಲದವರಿಗೆ ಅನ್ನ ಹಾಕುವುದು, ಗುರುತಿಲ್ಲದವರ ಕೈಯ ಅನ್ನವನ್ನು ನಂಬಿ ಉಣ್ಣುವುದು, ಇವೆರಡಕ್ಕಿಂತ ದೊಡ್ಡ ವಿಷಯ ಬರಹಗಾರರಿಗೆ ಸುಲಭವಾಗಿ ಸಿಗುವುದಿಲ್ಲ.

ಅಮೆರಿಕದ ಬಾಣಸಿಗ, ಟಿ.ವಿ. ನಿರೂಪಕ ಆಂಥನಿ ಬೋರ್ಡೇನ್ ಅವರನ್ನು ಲೇಖನದ ನಡುವೆ ನಿಲ್ಲಿಸಿಕೊಂಡಿರುವುದು ಸರಿಯಾಗಿದೆ. ಆದರೆ ನೀನು 2018ರ ಜೂನ್ 8ರಂದು ಫ್ರಾನ್ಸಿನ ಕೈಸರ್ಸ್‌ಬರ್ಗ್‌ನಲ್ಲಿ ಅವರು ತೀರಿಕೊಂಡ ಸುದ್ದಿಯಿಂದ ಆರಂಭಿಸಿದ್ದೀಯ. ಆ ಪ್ಯಾರಾವನ್ನು ತೆಗೆದುಬಿಡು. ಸಾವನ್ನು ಬಾಗಿಲಲ್ಲೇ ಕೂರಿಸಿದರೆ ಆಮೇಲೆ ಬರುವ ಪ್ರತಿ ನಗುವೂ ಅದರ ಮುನ್ಸೂಚನೆಯಂತೆ ಕಾಣತೊಡಗುತ್ತದೆ. ಒಬ್ಬ ಮನುಷ್ಯ ಹದಿನಾರು ವರ್ಷ ಕ್ಯಾಮೆರಾದ ಮುಂದೆ ಮಾಡಿದ ಕೆಲಸವನ್ನು ಅವನ ಕೊನೆಯ ದಿನದ ಅಡಿಯಲ್ಲಿ ಹೂಳುವುದು ನ್ಯಾಯವಲ್ಲ. ಅವರು ಹೇಗೆ ಸತ್ತರು ಎನ್ನುವುದು ಓದುಗರಿಗೆ ಗೊತ್ತಿದೆ. ಹೇಗೆ ಉಂಡರು ಎನ್ನುವುದನ್ನು ನೀನು ಹೇಳಬೇಕು.

ಅವರ ಆಕರ್ಷಣೆಗೆ ನೀನು ಕೊಟ್ಟಿರುವ ಕಾರಣ ಧೈರ್ಯ. ವಿಯೆಟ್ನಾಮಿನಲ್ಲಿ ಇನ್ನೂ ಮಿಡಿಯುತ್ತಿದ್ದ ನಾಗರಹಾವಿನ ಹೃದಯವನ್ನು ನುಂಗಿದ್ದು, ಹಚ್ಚೆ, ಒರಟು ಮಾತು, ಚರ್ಮದ ಜಾಕೆಟ್ಟು. ಇವೆಲ್ಲ ನಿಜ. ಆದರೆ ಹಾವಿನ ಹೃದಯವನ್ನು ಯಾರು ಬೇಕಾದರೂ ನುಂಗಬಹುದು. ಅವರ ಹಿಂದೆಯೇ ಹುಳ, ಚೇಳು, ಕಣ್ಣುಗುಡ್ಡೆ ತಿಂದು ತೋರಿಸುವ ಒಂದು ಪಡೆಯೇ ಹುಟ್ಟಿಕೊಂಡಿತು. ಅವರಲ್ಲಿ ಹೆಚ್ಚಿನವರ ಹೆಸರು ಇಂದು ನಮ್ಮ ನೆನಪಿನಲ್ಲಿಲ್ಲ. ಬೋರ್ಡೇನ್ ಉಳಿದರು. ಯಾಕೆ ಎಂದು ತಿಳಿಯಬೇಕಾದರೆ ನಮೀಬಿಯಾದ ಕಂತನ್ನು ನೋಡು. ಬೇಟೆಯಾಡಿ ಬದುಕುವ ಜನ ಒಂದು ಕಾಡುಹಂದಿಯನ್ನು ಕೊಂದು, ಗೌರವದ ಪಾಲೆಂದು ಅದರ ಕರುಳಿನ ತುದಿಯನ್ನು ಅವರಿಗೆ ಕೊಡುತ್ತಾರೆ. ಸರಿಯಾಗಿ ತೊಳೆದಿಲ್ಲ, ಬೂದಿ ಮರಳು ಮೆತ್ತಿಕೊಂಡಿದೆ. ಅವರು ತಿನ್ನುತ್ತಾರೆ. ನೋಡುವವರು ಮುಖ ಸಿಂಡರಿಸುವುದು ಸಹಜ. ಆದರೆ ಅವರು ಅದನ್ನು ಸಾಹಸವೆಂದು ಮೆರೆಸಲಿಲ್ಲ. ಇಡೀ ಬುಡಕಟ್ಟು ನೋಡುತ್ತಿರುವಾಗ ಹಿರಿಯರು ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಎನ್ನುವುದು ಅವರಿಗೆ ಸಾಧ್ಯವಿರಲಿಲ್ಲ, ಅಷ್ಟೇ.

ಈ ನಡತೆಗೆ ಅವರು ತಾವೇ ಒಂದು ಹೆಸರಿಟ್ಟುಕೊಂಡಿದ್ದರು: ಅಜ್ಜಿಯ ನಿಯಮ. ಅಜ್ಜಿ ಹಬ್ಬಕ್ಕೆ ಮಾಡಿದ ಟರ್ಕಿ ಕೋಳಿ ಒಣಗಿರಬಹುದು, ಉಪ್ಪು ಹೆಚ್ಚಾಗಿರಬಹುದು. ಆದರೆ ಅದು ಅಜ್ಜಿಯ ಮನೆ, ತೆಪ್ಪಗೆ ತಿಂದು ಇನ್ನೊಂದು ಸ್ವಲ್ಪ ಹಾಕು ಎನ್ನಬೇಕು ಎಂಬುದು ಅದರ ತಾತ್ಪರ್ಯ. ಅಮೆರಿಕದ ಹಬ್ಬದ ಊಟದಿಂದ ಬಂದ ಈ ಮಾತನ್ನು ನಮ್ಮ ಯಾವ ಹಳ್ಳಿಯಲ್ಲೂ ಬಿಡಿಸಿ ಹೇಳಬೇಕಾಗಿಲ್ಲ.

ಟಿ.ವಿ.ಯ ಊಟದಲ್ಲಿ ಒಂದು ದೊಡ್ಡ ಕೊರತೆ ಇದೆ. ಪರಿಮಳ ನಮಗೆ ಬರುವುದಿಲ್ಲ, ರುಚಿ ಬರುವುದಿಲ್ಲ, ಬಿಸಿ ತಾಕುವುದಿಲ್ಲ. ನಮಗೆ ಸಿಗುವುದು ಮುಖಗಳು ಮಾತ್ರ. ಉಂಡವರ ಮುಖ ಮತ್ತು ಉಣಿಸಿದವರ ಮುಖ. ಮೊದಲ ತುತ್ತು ಬಾಯಿಗೆ ಹೋದ ಕೂಡಲೇ ಅಡುಗೆ ಮಾಡಿದವರು ಉಂಡವರ ಮುಖವನ್ನು ನೋಡುತ್ತಾರಲ್ಲ, ಆ ನೋಟವನ್ನು ನೀನು ಎಂದಾದರೂ ಗಮನವಿಟ್ಟು ನೋಡಿದ್ದೀಯಾ? ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಆತಂಕ ಅದರಲ್ಲಿದೆ, ಹೆಮ್ಮೆಯಿದೆ, ಸ್ವಲ್ಪ ಸವಾಲೂ ಇದೆ. ನಾವು ಮೆಚ್ಚುವ ನಿರೂಪಕರೆಲ್ಲ ಈ ನೋಟಕ್ಕೆ ಜಾಗ ಬಿಟ್ಟುಕೊಟ್ಟವರು. ನಿನ್ನ ಲೇಖನದ ಬೆನ್ನೆಲುಬು ಇದೇ ಆಗಬೇಕೆಂದು ನನಗನ್ನಿಸುತ್ತದೆ.

ಬ್ರಿಟನ್ನಿನ ಕೀತ್ ಫ್ಲಾಯ್ಡ್ ಇದಕ್ಕೆ ಸೊಗಸಾದ ಸಾಕ್ಷಿ. 1980ರ ದಶಕದಲ್ಲಿ ಬಿಬಿಸಿಯಲ್ಲಿ ವೈನ್ ಲೋಟ ಹಿಡಿದು ಮೀನುಗಾರರ ದೋಣಿಯಲ್ಲೂ ಬಯಲಲ್ಲೂ ಅಡುಗೆ ಮಾಡುತ್ತಿದ್ದವರು. ನಡುನಡುವೆ ಛಾಯಾಗ್ರಾಹಕನನ್ನು ಹೆಸರು ಹಿಡಿದು ಕರೆದು, ನನ್ನ ಮುಖ ಬಿಡು, ಬಾಣಲೆ ತೋರಿಸು ಎನ್ನುತ್ತಿದ್ದರು. ಒಮ್ಮೆ ಫ್ರಾನ್ಸಿನ ಬಾಸ್ಕ್ ಸೀಮೆಯಲ್ಲಿ, ಅಲ್ಲಿಯವರೇ ಆದ ಒಬ್ಬ ಗೃಹಿಣಿಯ ಅಡುಗೆಮನೆಯಲ್ಲಿ, ಆ ಸೀಮೆಯದೇ ಮೊಟ್ಟೆ ಮತ್ತು ದೊಣ್ಣೆಮೆಣಸಿನಕಾಯಿಯ ಪಿಪೆರಾದ್ ಮಾಡಿ ಬಡಿಸಿದರು. ಆಕೆ ತಿಂದು, ಚೆನ್ನಾಗಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿದರು. ಸಂಕಲನದಲ್ಲಿ ಅದನ್ನು ಕತ್ತರಿಸಿ ಎಸೆಯಬಹುದಿತ್ತು. ಎಸೆಯಲಿಲ್ಲ. ಬೈಸಿಕೊಂಡ ಫ್ಲಾಯ್ಡ್ ಅವರನ್ನು ಜನ ಇನ್ನಷ್ಟು ಪ್ರೀತಿಸಿದರು. ಒಬ್ಬ ಗೃಹಿಣಿಯ ಅಧಿಕಾರ ತೆರೆಯ ಮೇಲೆ ಹಾಗೆ ಮೆರೆದದ್ದು ನನಗೆ ಈಗಲೂ ಖುಷಿ ಕೊಡುತ್ತದೆ.

ಅವರಿಗಿಂತ ಬಹಳ ಮುಂಚೆ, 1963ರಲ್ಲಿ, ಬಾಸ್ಟನ್ನಿನ ಒಂದು ಸಾರ್ವಜನಿಕ ವಾಹಿನಿಯಲ್ಲಿ ಅಡುಗೆ ಕಲಿಸಲು ಜೂಲಿಯಾ ಚೈಲ್ಡ್ ಬಂದರು. ಆಗ ಅವರಿಗೆ ಐವತ್ತು ವರ್ಷ, ಆರಡಿ ದಾಟಿದ ಎತ್ತರ, ಏರಿಳಿಯುವ ವಿಚಿತ್ರ ದನಿ. ಇಂದಿನ ಯಾವ ವಾಹಿನಿಯೂ ಹುಡುಕಿಕೊಂಡು ಹೋಗುವ ರೂಪವಲ್ಲ. ಚಿತ್ರೀಕರಣವನ್ನು ನಿಲ್ಲಿಸದೆ ಒಂದೇ ಓಟದಲ್ಲಿ ಮುಗಿಸುತ್ತಿದ್ದುದರಿಂದ ತಪ್ಪುಗಳೂ ಹಾಗೆಯೇ ಉಳಿದವು. ಆಲೂಗಡ್ಡೆಯ ದಪ್ಪ ರೊಟ್ಟಿಯೊಂದನ್ನು ಬಾಣಲೆಯಲ್ಲಿ ಹಾರಿಸಿ ಮಗುಚಲು ಹೋದಾಗ ಅರ್ಧ ಒಲೆಕಟ್ಟೆಗೆ ಬಿತ್ತು. ಅದನ್ನು ಬಾಚಿ ಬಾಣಲೆಗೆ ಹಾಕಿಕೊಂಡು, ಅಡುಗೆಮನೆಯಲ್ಲಿ ಒಬ್ಬರೇ ಇರುವಾಗ ನೋಡುವವರು ಯಾರು ಎಂಬರ್ಥದ ಮಾತನಾಡಿದರು. ಅವರು ನೆಲಕ್ಕೆ ಬಿದ್ದ ಕೋಳಿಯನ್ನು ಎತ್ತಿ ಬಡಿಸಿದರು ಎಂದು ಅಮೆರಿಕದಲ್ಲಿ ಇಂದಿಗೂ ಹೇಳುವವರಿದ್ದಾರೆ. ಬಿದ್ದದ್ದು ಆಲೂಗಡ್ಡೆ ಮಾತ್ರ, ಅದೂ ನೆಲಕ್ಕಲ್ಲ. ನೀನೂ ಆ ಕೋಳಿಯ ಕತೆಯನ್ನೇ ಬರೆದಿದ್ದೀಯ, ತಿದ್ದಿಕೋ. ಆದರೆ ಕತೆ ಹಾಗೆ ಬೆಳೆದದ್ದು ಯಾಕೆಂದು ಯೋಚಿಸುವುದು ಒಳ್ಳೆಯದು. ದಿನವೂ ಒಬ್ಬರೇ ಅಡುಗೆ ಮಾಡುವ ಲಕ್ಷಾಂತರ ಹೆಂಗಸರಿಗೆ, ಕೈತಪ್ಪಿದರೂ ಊಟ ನಿಲ್ಲುವುದಿಲ್ಲ ಎಂದು ತೆರೆಯ ಮೇಲಿಂದ ಒಬ್ಬರು ಹೇಳಿದ್ದು ಅದೇ ಮೊದಲಿರಬೇಕು.

ಇನ್ನು ಬರವಣಿಗೆಯ ವಿಷಯಕ್ಕೆ ಬರುತ್ತೇನೆ. ನಿನ್ನ ಲೇಖನದಲ್ಲಿ ಬೋರ್ಡೇನ್ ಬರಹಗಾರರಾಗಿದ್ದರು ಎಂಬುದು ಒಂದೇ ವಾಕ್ಯದಲ್ಲಿ ದಾಟಿಹೋಗಿದೆ. ಅದು ಎಲ್ಲದರ ಬೇರು. ಟಿ.ವಿ.ಗೆ ಬರುವ ಮೊದಲೇ ಅವರು ಅಪರಾಧ ಕಾದಂಬರಿಗಳನ್ನು ಬರೆದಿದ್ದರು. ನ್ಯೂಯಾರ್ಕಿನ ಒಂದು ಫ್ರೆಂಚ್ ಹೋಟೆಲಿನಲ್ಲಿ ಮುಖ್ಯ ಬಾಣಸಿಗರಾಗಿ ಬೆವರು ಸುರಿಸುತ್ತಲೇ 1999ರಲ್ಲಿ ‘ದಿ ನ್ಯೂಯಾರ್ಕರ್’ ಪತ್ರಿಕೆಗೆ ಹೋಟೆಲ್ ಅಡುಗೆಮನೆಯ ಒಳಗುಟ್ಟುಗಳ ಲೇಖನ ಬರೆದರು. ಮರುವರ್ಷ ಅದೇ ಪುಸ್ತಕವಾಗಿ ಬೆಳೆಯಿತು. ಟಿ.ವಿ. ಬಂದದ್ದು 2002ರಲ್ಲಿ, ಆ ಬರಹದ ಬೆನ್ನಿಗೆ. ತೆರೆಯ ಹಿಂದಿನ ದನಿಯ ಮಾತನ್ನೂ ಹೆಚ್ಚಾಗಿ ಅವರೇ ಬರೆಯುತ್ತಿದ್ದರು. ಒಂದು ಕಂತನ್ನು ತೆಗೆದುಕೊಂಡು ದೃಶ್ಯ ಮುಚ್ಚಿ ಬರೀ ಮಾತು ಕೇಳು, ಆಮೇಲೆ ಮಾತು ನಿಲ್ಲಿಸಿ ಬರೀ ದೃಶ್ಯ ನೋಡು. ಬಟ್ಟಲಿನಿಂದ ಆವಿ ಏಳುತ್ತಿರುವಾಗ ದನಿ ಬಿಸಿಯ ಮಾತೆತ್ತುವುದಿಲ್ಲ. ಆ ಬೀದಿಯಲ್ಲಿ ಮೊದಲು ಏನಿತ್ತು, ಯಾವ ಯುದ್ಧ ಹಾದುಹೋಯಿತು, ಯಾರು ಯಾರ ಸಾಲ ತೀರಿಸುತ್ತಿದ್ದಾರೆ ಎಂಬುದನ್ನು ಹೇಳುತ್ತದೆ. ಕಣ್ಣಿಗೆ ಕಾಣದ್ದನ್ನು ಹೇಳುವುದಕ್ಕೆ ಮಾತ್ರ ಮಾತು. ಉಣ್ಣುವಾಗ ಮಾತೇ ಇಲ್ಲ. ನಿನ್ನ ಬರಹದಲ್ಲಿ ‘ಬಾಯಲ್ಲಿ ನೀರೂರಿಸುವ’, ‘ಸ್ವರ್ಗದ ರುಚಿ’, ‘ಮರೆಯಲಾಗದ’ ಎಂಬ ಮಾತುಗಳನ್ನು ಗುರುತು ಹಾಕಿದ್ದೇನೆ. ಅವೆಲ್ಲ ಎಲ್ಲ ಊಟಕ್ಕೂ ಹೊಂದುವ ಮಾತುಗಳು. ಆದ್ದರಿಂದ ಯಾವ ಊಟಕ್ಕೂ ಹೊಂದುವುದಿಲ್ಲ.

2016ರ ಮೇ ತಿಂಗಳಲ್ಲಿ ಹನೋಯ್ ನಗರದ ಒಂದು ಸಣ್ಣ ಹೋಟೆಲಿನಲ್ಲಿ, ಬೆನ್ನಿಗೆ ಒರಗಿಲ್ಲದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ಅವರು ಬರಾಕ್ ಒಬಾಮಾ ಅವರ ಜೊತೆ ಬುನ್ ಚಾ ತಿಂದ ದೃಶ್ಯವನ್ನು ನೀನು ಚೆನ್ನಾಗಿ ಬರೆದಿದ್ದೀಯ. ಸುಟ್ಟ ಹಂದಿಮಾಂಸ, ಅಕ್ಕಿ ಶಾವಿಗೆ, ಎರಡು ಬಿಯರು. ಬಿಲ್ಲು ಆರು ಡಾಲರು, ಕೊಟ್ಟವರು ಬೋರ್ಡೇನ್. ಆಮೇಲೆ ಹೋಟೆಲಿನವರು ಆ ಮೇಜಿಗೆ ಗಾಜಿನ ಪೆಟ್ಟಿಗೆ ಕಟ್ಟಿಸಿದರು. ಜಗತ್ತಿನ ಬಲಿಷ್ಠ ಕುರ್ಚಿಯ ಮನುಷ್ಯನನ್ನು ಊರಿನವರ ಎತ್ತರಕ್ಕೆ ಇಳಿಸಿ ಕೂರಿಸಿದ್ದೇ ಆ ಕಂತಿನ ಸೊಗಸು. ಅದನ್ನು ವಿವರಿಸಲು ಹೋಗಬೇಡ. ಸ್ಟೂಲು ಸಾಕು.

ನೀನು ಮುಟ್ಟದೇ ಬಿಟ್ಟ ಒಂದು ಭಾಗವಿದೆ. ಉಂಡು ಹೊರಟವರ ಹಿಂದೆ ಏನಾಗುತ್ತದೆ? 2006ರ ಜುಲೈನಲ್ಲಿ ಬೋರ್ಡೇನ್ ಲೆಬನಾನಿನ ಬೈರೂತಿಗೆ ಹೋದದ್ದು ಊಟದ ಕಂತಿಗೆಂದೇ. ಕೆಲವೇ ದಿನಗಳಲ್ಲಿ ಯುದ್ಧ ಶುರುವಾಯಿತು, ವಿಮಾನ ನಿಲ್ದಾಣಕ್ಕೆ ಬಾಂಬು ಬಿತ್ತು. ತಂಡ ಹೋಟೆಲಿನಲ್ಲಿ ಸಿಕ್ಕಿಕೊಂಡು, ಕೊನೆಗೆ ಅಮೆರಿಕದ ನೌಕಾಪಡೆಯ ಹಡಗಿನಲ್ಲಿ ಹೊರಬಂತು. ಪ್ರಸಾರವಾದ ಕಂತಿನಲ್ಲಿ ಊಟ ಕಡಿಮೆ, ಕಾಯುವ ಮುಖಗಳೇ ಹೆಚ್ಚು. ಇರಾನಿನ ಕಂತಿನಲ್ಲಿ ಅವರೊಂದಿಗೆ ಊಟಕ್ಕೆ ಕುಳಿತ ಪತ್ರಕರ್ತ ದಂಪತಿ ಜೇಸನ್ ರೆಜಾಯಿಯನ್ ಮತ್ತು ಯೆಗಾನೆ ಸಾಲೆಹಿ ಕೆಲವೇ ವಾರಗಳಲ್ಲಿ ಬಂಧಿತರಾದರು. ರೆಜಾಯಿಯನ್ 544 ದಿನ ಸೆರೆಯಲ್ಲಿದ್ದು 2016ರ ಜನವರಿಯಲ್ಲಿ ಬಿಡುಗಡೆಯಾದರು. ಆ ಅವಧಿಯಲ್ಲಿ ರೆಜಾಯಿಯನ್ ಪರವಾಗಿ ಬೋರ್ಡೇನ್ ಮಾತನಾಡುತ್ತಲೇ ಇದ್ದರು. ರೋಮ್ ನಗರದ ಕಂತಿನದು ಚಿಕ್ಕ ಸಂಗತಿ, ಆದರೆ ನನಗೆ ಪ್ರಿಯವಾದದ್ದು. ಚೀಸಿನಿಂದಲೇ ಮಾಡಿದ ಬಟ್ಟಲಿನಲ್ಲಿ ಪಾಸ್ತಾ ಕೊಡುವ ಒಂದು ಜಾಗದ ಹೆಸರನ್ನು ಅವರು ಹೇಳಲಿಲ್ಲ. ಹೇಳಿದರೆ ನೂಕುನುಗ್ಗಲಿನಲ್ಲಿ ಅದು ಹಾಳಾದೀತೆಂಬ ಅಂಜಿಕೆ. ನೋಡುಗರು ಹೆಸರನ್ನು ಪತ್ತೆಹಚ್ಚಿಬಿಟ್ಟರು, ಅದು ಬೇರೆ ಮಾತು. ಇವತ್ತು ಒಂದು ಗಾಡಿಯ ವಿಡಿಯೊ ಮೊಬೈಲಿನಲ್ಲಿ ಹರಿದಾಡಿದರೆ ನಾಳೆ ಅಲ್ಲಿ ಸಾಲು ನಿಲ್ಲುತ್ತದೆ, ನಾಡಿದ್ದು ದಿನದ ಗಿರಾಕಿಗೆ ಊಟ ಸಿಗುವುದಿಲ್ಲ. ಈ ಹೊಣೆಯ ಬಗ್ಗೆ ಬರೆಯದೆ ಆಕರ್ಷಣೆಯ ಬಗ್ಗೆ ಮಾತ್ರ ಬರೆದರೆ ಲೇಖನ ಅರ್ಧವೇ ಆಗುತ್ತದೆ.

ನಮ್ಮ ದೇಶದವರಲ್ಲಿ ವಿನೋದ್ ದುವಾ ಅವರನ್ನು ಸೇರಿಸಿಕೋ. ಚುನಾವಣೆಯ ವಿಶ್ಲೇಷಣೆಯಿಂದ ಮನೆಮಾತಾದ ಪತ್ರಕರ್ತ ‘ಜಾಯ್ಕಾ ಇಂಡಿಯಾ ಕಾ’ ಕಾರ್ಯಕ್ರಮಕ್ಕಾಗಿ ಗಲ್ಲಿಯ ಗಾಡಿಗಳ ಮುಂದೆ ನಿಂತರು. ಮಂತ್ರಿಗಳನ್ನು ಪ್ರಶ್ನಿಸಿದ ನಾಲಿಗೆ ಕಚೋರಿ ಕರಿಯುವವನ ಎದುರು ಎಷ್ಟು ಮೃದುವಾಗುತ್ತಿತ್ತು ಎಂಬುದನ್ನು ಗಮನಿಸು. ಕನ್ನಡದಲ್ಲಿ ‘ಬೊಂಬಾಟ್ ಭೋಜನ’ದ ಸಿಹಿಕಹಿ ಚಂದ್ರು ಅವರಿದ್ದಾರೆ. ದೂರದರ್ಶನದ ಕಾಲದಿಂದ ನಮ್ಮ ಮನೆಗಳಿಗೆ ಪರಿಚಿತರಾದ ನಟ ಸೌಟು ಹಿಡಿದಾಗ, ನೋಡುವವರಿಗೆ ನೆಂಟರೊಬ್ಬರು ಅಡುಗೆಮನೆಗೆ ಬಂದಂತಾಗುತ್ತದೆ. ಈ ಸಲಿಗೆ ಬೋರ್ಡೇನ್ ಅವರ ಅಲೆಮಾರಿತನಕ್ಕಿಂತ ಬೇರೆ ಜಾತಿಯದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡ.

ಕೊನೆಯ ಭಾಗದಲ್ಲಿ ನೀನು ಬರೆದಿರುವ ಧಾರವಾಡದ ಖಾನಾವಳಿಯ ಬಗ್ಗೆ ನನಗೆ ತಕರಾರಿದೆ. ವಿಡಿಯೊ ಮಾಡಲು ಬಂದ ಹುಡುಗ ಹೇಗೆ ಕಣ್ಣರಳಿಸಿದ, ಎಣಗಾಯಿ ತಿಂದು ಏನೆಂದ ಎಂಬುದಕ್ಕೆ ಇಡೀ ಪುಟ ಕೊಟ್ಟಿದ್ದೀಯ. ರೊಟ್ಟಿ ಬಡಿಯುವ ಅಕ್ಕ ಎರಡು ಕೈಗಳಾಗಿ ಮಾತ್ರ ಬರುತ್ತಾಳೆ. ಕ್ಯಾಮೆರಾ ಇಲ್ಲದ ಒಂದು ದಿನ ಮತ್ತೆ ಅಲ್ಲಿಗೆ ಹೋಗು. ಮಧ್ಯಾಹ್ನದ ಗಡಿಬಿಡಿ ಇಳಿದ ಮೇಲೆ ಹೋಗು. ಆಕೆ ಎಷ್ಟು ಹೊತ್ತಿಗೆ ಒಲೆ ಹಚ್ಚುತ್ತಾಳೆ, ಜೋಳ ಎಲ್ಲಿಂದ ತರಿಸುತ್ತಾರೆ, ತಾನು ಯಾವಾಗ ಉಣ್ಣುತ್ತಾಳೆ, ಆ ವಿಡಿಯೊವನ್ನು ಆಕೆ ನೋಡಿದ್ದಾಳೆಯೇ, ನೋಡಿದಾಗ ಮನೆಯವರು ಏನಂದರು, ಗಿರಾಕಿಗಳು ಹೆಚ್ಚಾದ ಮೇಲೆ ಕೂಲಿ ಹೆಚ್ಚಾಯಿತೇ ಎಂದು ಕೇಳು. ತನ್ನ ಹೆಸರು ಬರೆಯಬಹುದೇ ಎಂದೂ ಕೇಳು. ಬೇಡ ಎಂದರೆ ಬರೆಯಬೇಡ. ತಟ್ಟೆಗೆ ಏನು ಹಾಕಿದರೂ ಉಣ್ಣು.

ಆಮೇಲೆ ಆ ಭಾಗವನ್ನು ಹೊಸದಾಗಿ ಬರೆದು ಕಳುಹಿಸು. ಹುಡುಗನಿಗೆ ಒಂದು ಪ್ಯಾರಾ ಇರಲಿ. ದೀಪಾವಳಿ ವಿಶೇಷಾಂಕಗಳಿಗೆ ಇನ್ನೂ ಸಮಯವಿದೆ, ಯಾವ ಪತ್ರಿಕೆಗೆ ಕೊಡುವುದೆಂದು ಆಗ ಮಾತನಾಡೋಣ.

ಇತಿ,
ನಿನ್ನ ಅಣ್ಣ